ದೂರು ಕೊಟ್ಟವರ ಕೈಯಿಂದ ಫೋರ್ಕ್‌ಲಿಫ್ಟ್ ಕಿತ್ತುಕೊಂಡ ರೈಲ್ವೆ: ಒಂದು ಪ್ರಕರಣ ಅಧ್ಯಯನ

1997ರ ಸೆಪ್ಟೆಂಬರ್ 26. ಅಮೆರಿಕದ ಟೆನ್ನೆಸ್ಸೀ ರಾಜ್ಯದ ಮೆಂಫಿಸ್‌ನಲ್ಲಿ ಒಂದು ರೈಲ್ವೆ ಯಾರ್ಡ್. ಅಲ್ಲಿನ ರೋಡ್‌ಮಾಸ್ಟರ್, ಅಂದ್ರೆ ಹಳಿ ಕೆಲಸದವರ ಮೇಲಿನ ಮ್ಯಾನೇಜರ್, ತನ್ನ ವಿಭಾಗದ ಒಬ್ಬ ಕೆಲಸಗಾರ್ತಿಗೆ ಎರಡು ವಿಷಯ ತಿಳಿಸಿದ. ಒಂದು, ನೀವು ಯಾರ ಮೇಲೆ ದೂರು ಕೊಟ್ಟಿದ್ದಿರೋ ಆ ಮೇಲ್ವಿಚಾರಕನ ಮೇಲೆ ಕಂಪನಿ ಕ್ರಮ ತೆಗೆದುಕೊಂಡಿದೆ. ಎರಡು, ಇನ್ನು ಮುಂದೆ ನಿಮಗೆ ಫೋರ್ಕ್‌ಲಿಫ್ಟ್ (ಭಾರದ ಸರಕು ಎತ್ತಿ ಸಾಗಿಸುವ ಗಾಡಿ) ಇಲ್ಲ, ಹಳಿ ಕೆಲಸ ಮಾತ್ರ.

ಎರಡೂ ಒಂದೇ ಭೇಟಿಯಲ್ಲಿ. ಆ ಮ್ಯಾನೇಜರ್‌ಗೆ ಇದು ಒಂದೇ ಸಲಕ್ಕೆ ಎರಡು ಕೆಲಸ ಮುಗಿಸಿದ ಹಾಗೆ ಅನಿಸಿರಬಹುದೇನೋ. ಕಂಪನಿ ಮಾತ್ರ ಆ ಭೇಟಿಯ ಬಾಲ ಹಿಡಿದುಕೊಂಡು ಹತ್ತಿರ ಹತ್ತಿರ ಒಂಬತ್ತು ವರ್ಷ ಓಡಾಡಿತು. ಕೊನೆಗೆ 2006ರ ಜೂನ್ 22ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಪ್ರಕರಣದ ಹೆಸರು ಬರ್ಲಿಂಗ್ಟನ್ ನಾರ್ದರ್ನ್ ಅಂಡ್ ಸಾಂಟಾ ಫೇ ರೈಲ್ವೆ ವಿರುದ್ಧ ವೈಟ್. ಅಮೆರಿಕದಲ್ಲಿ ಎಚ್‌ಆರ್ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುವ ಹೆಸರು. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಟೀಮ್ ನಡೆಸುವ ಮ್ಯಾನೇಜರ್‌ಗಳಿಗೂ ಗೊತ್ತಿರಬೇಕು, ಆದರೆ ಬಹಳ ಜನರಿಗೆ ಗೊತ್ತಿಲ್ಲ.

ನನಗೆ ಈ ಪ್ರಕರಣದಲ್ಲಿ ಕುತೂಹಲ ಯಾಕೆ ಅಂದ್ರೆ, ಇಲ್ಲಿ ಕಂಪನಿ ಶುರುವಿನಲ್ಲಿ ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ದೂರನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಮುಚ್ಚಿಹಾಕಲಿಲ್ಲ. ಆದರೂ ಸೋತಿತು.

ಏನು ನಡೆಯಿತು

ಆ ಕೆಲಸಗಾರ್ತಿಯೇ ವೈಟ್. ಅವರು 1997ರ ಜೂನ್‌ನಲ್ಲಿ ಕೆಲಸಕ್ಕೆ ಸೇರಿದರು. ಹುದ್ದೆ ಟ್ರ್ಯಾಕ್ ಲೇಬರರ್. ನಮ್ಮಲ್ಲಿ ಗ್ಯಾಂಗ್‌ಮನ್ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಹಳಿಯ ಬಿಡಿಭಾಗ ಬಿಚ್ಚುವುದು, ಜೋಡಿಸುವುದು, ಸಾಮಾನು ಹೊರುವುದು, ಪೊದೆ ಕಡಿಯುವುದು, ಹಳಿ ಪಕ್ಕದಲ್ಲಿ ಚೆಲ್ಲಿದ ಸರಕು ಮತ್ತು ಕಸ ಎತ್ತುವುದು. ಆ ಯಾರ್ಡಿನ ಹಳಿ ನಿರ್ವಹಣೆ ವಿಭಾಗದಲ್ಲಿ ಆಗ ಇದ್ದ ಮಹಿಳೆ ಅವರೊಬ್ಬರೇ. ಅವರಿಗೆ ಮೊದಲೇ ಫೋರ್ಕ್‌ಲಿಫ್ಟ್ ಓಡಿಸಿ ಅನುಭವ ಇತ್ತು. ಸಂದರ್ಶನದಲ್ಲೇ ರೋಡ್‌ಮಾಸ್ಟರ್ ಅದರ ಬಗ್ಗೆ ಆಸಕ್ತಿಯಿಂದ ಕೇಳಿದ್ದ. ಸೇರಿದ ಸ್ವಲ್ಪ ದಿನಕ್ಕೆ, ಆವರೆಗೂ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನು ಬೇರೆ ಕೆಲಸ ಹಿಡಿದ. ಆ ಜಾಗಕ್ಕೆ ವೈಟ್ ಬಂದರು. ಹಳಿ ಕೆಲಸವೂ ಅಷ್ಟಿಷ್ಟು ಇತ್ತು, ಆದರೆ ಮುಖ್ಯ ಕೆಲಸ ಫೋರ್ಕ್‌ಲಿಫ್ಟ್.

ಸೆಪ್ಟೆಂಬರ್‌ನಲ್ಲಿ ಅವರು ಮೇಲಿನವರಿಗೆ ದೂರು ಕೊಟ್ಟರು. ತಮ್ಮ ನೇರ ಮೇಲ್ವಿಚಾರಕ, ಈ ವಿಭಾಗದಲ್ಲಿ ಹೆಂಗಸರು ಕೆಲಸ ಮಾಡಬಾರದು ಅಂತ ಪದೇ ಪದೇ ಹೇಳುತ್ತಾನೆ, ಗಂಡಸರ ಮುಂದೆ ಅವಮಾನ ಆಗುವ ಮಾತಾಡುತ್ತಾನೆ ಅನ್ನುವುದು ದೂರು. ಕಂಪನಿ ಒಳಗೇ ತನಿಖೆ ಮಾಡಿತು. ಆ ಮೇಲ್ವಿಚಾರಕನನ್ನು 10 ದಿನ ಸಸ್ಪೆಂಡ್ ಮಾಡಿ, ಲೈಂಗಿಕ ಕಿರುಕುಳದ ಬಗ್ಗೆ ತರಬೇತಿಗೆ ಹೋಗು ಅಂತ ಕಳಿಸಿತು. ಆ ಕಾಲಕ್ಕೆ ಇದು ಸಣ್ಣ ಕ್ರಮ ಅಲ್ಲ.

ಆಮೇಲೆ ಬಂತು ನೋಡಿ ಆ ಸೆಪ್ಟೆಂಬರ್ 26. ಫೋರ್ಕ್‌ಲಿಫ್ಟ್ ಯಾಕೆ ತೆಗೆಯುತ್ತಿದ್ದೀರಿ ಅನ್ನುವುದಕ್ಕೆ ರೋಡ್‌ಮಾಸ್ಟರ್ ಕೊಟ್ಟ ಕಾರಣ ಇದು: ಜೊತೆ ಕೆಲಸಗಾರರು ಗೊಣಗುತ್ತಿದ್ದಾರೆ, ನ್ಯಾಯವಾಗಿ ನೋಡಿದರೆ ಮೈ ದಣಿಯದ, ಬಟ್ಟೆ ಕೊಳೆಯಾಗದ ಆ ಕೆಲಸ ಹೆಚ್ಚು ಸರ್ವಿಸ್ ಆದ ಒಬ್ಬ ಗಂಡಸಿಗೆ ಸಿಗಬೇಕು. ಇಂಗ್ಲಿಷಿನಲ್ಲಿ ಅವನು ಬಳಸಿದ ಪದ ‘ಸೀನಿಯರ್ ಮ್ಯಾನ್’. ಹೆಂಗಸರಿಗೆ ಇಲ್ಲಿ ಜಾಗ ಇಲ್ಲ ಅಂದವನ ಮೇಲೆ ಕ್ರಮ ತೆಗೆದುಕೊಂಡೆವು ಅಂತ ಹೇಳುವ ಬಾಯಲ್ಲೇ ಈ ಮಾತು ಬಂತು!

ಅಕ್ಟೋಬರ್ 10ಕ್ಕೆ ವೈಟ್ ಸರಕಾರಿ ಆಯೋಗಕ್ಕೆ ಹೋದರು. ಉದ್ಯೋಗದಲ್ಲಿ ಸಮಾನ ಅವಕಾಶ ಇದೆಯೇ ಅಂತ ನೋಡುವ ಆಯೋಗ ಅದು, ಅಲ್ಲಿ ಇಇಒಸಿ ಅಂತ ಕರೆಯುತ್ತಾರೆ. ಹೆಂಗಸು ಅಂತ ತಾರತಮ್ಯ ಮಾಡಿದರು, ದೂರು ಕೊಟ್ಟೆ ಅಂತ ಸೇಡು ತೀರಿಸಿಕೊಂಡರು, ಇವೆರಡೂ ಆರೋಪ. ಡಿಸೆಂಬರ್ ಶುರುವಿನಲ್ಲಿ ಇನ್ನೊಂದು ದೂರು ಕೊಟ್ಟರು. ರೋಡ್‌ಮಾಸ್ಟರ್ ನನ್ನ ಮೇಲೆ ಕಣ್ಣಿಟ್ಟಿದ್ದಾನೆ, ದಿನಾ ಏನು ಮಾಡುತ್ತೇನೆ ಅಂತ ಲೆಕ್ಕ ಇಡುತ್ತಿದ್ದಾನೆ ಅಂತ. ಆ ದೂರಿನ ಪ್ರತಿ ಡಿಸೆಂಬರ್ 8ರಂದು ಅಂಚೆಯಲ್ಲಿ ಹೋಯಿತು. ಯಾರಿಗೆ ಹೋಯಿತು ಗೊತ್ತಾ? ಅದೇ ರೋಡ್‌ಮಾಸ್ಟರ್‌ಗೆ.

ಅದಾಗಿ ಕೆಲವೇ ದಿನಕ್ಕೆ ವೈಟ್‌ಗೂ ಅವರ ಆಗಿನ ಮೇಲ್ವಿಚಾರಕನಿಗೂ ಒಂದು ಮಾತಿನ ಜಟಾಪಟಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ವೈಟ್ ಯಾವ ಟ್ರಕ್ ಹತ್ತಬೇಕು ಅನ್ನುವ ವಿಷಯ. ನಿಜವಾಗಿ ಏನಾಯಿತು ಅನ್ನುವುದರಲ್ಲಿ ಇಬ್ಬರದೂ ಬೇರೆ ಬೇರೆ ಕತೆ. ಆದರೆ ಆ ಮಧ್ಯಾಹ್ನವೇ ಮೇಲ್ವಿಚಾರಕ ಹೋಗಿ ಆಕೆ ಮಾತು ಕೇಳಲಿಲ್ಲ ಅಂತ ಹೇಳಿದ. ರೋಡ್‌ಮಾಸ್ಟರ್ ಆ ಕ್ಷಣವೇ ಸಂಬಳವಿಲ್ಲದೆ ಸಸ್ಪೆಂಡ್ ಮಾಡಿದ.

ವೈಟ್ ಕಂಪನಿಯ ಒಳಗಿನ ದೂರು ವ್ಯವಸ್ಥೆಗೇ ಮೊರೆ ಹೋದರು. ಕಂಪನಿಯೇ ವಿಚಾರಿಸಿ, ಆಕೆ ಅವಿಧೇಯತೆ ತೋರಿಸಿಲ್ಲ ಅಂತ ತೀರ್ಮಾನಿಸಿತು. ವಾಪಸ್ ಕೆಲಸಕ್ಕೆ ತೆಗೆದುಕೊಂಡು, 37 ದಿನದ ಬಾಕಿ ಸಂಬಳವನ್ನೂ ಕೊಟ್ಟಿತು. ಆ 37 ದಿನದ ನಡುವೆ ಕ್ರಿಸ್‌ಮಸ್ ಬಂದು ಹೋಗಿತ್ತು. ಮನೆಯಲ್ಲಿ ದುಡ್ಡಿರಲಿಲ್ಲ, ಜೀವನದಲ್ಲೇ ಅಷ್ಟು ಕೆಟ್ಟ ಕ್ರಿಸ್‌ಮಸ್ ಕಂಡಿರಲಿಲ್ಲ ಅಂತ ಆಕೆ ಆಮೇಲೆ ಸಾಕ್ಷಿ ನುಡಿದರು. ಕೆಲಸ ಉಳಿಯುತ್ತದೋ ಇಲ್ಲವೋ ಅನ್ನುವುದೇ ಗೊತ್ತಿಲ್ಲದೆ ಕೂತಿದ್ದ ದಿನಗಳು ಅವು.

ತಾರತಮ್ಯದಲ್ಲಿ ಕಂಪನಿ ಗೆದ್ದಿತು, ಸೇಡಿನಲ್ಲಿ ಸೋತಿತು

ಕೇಸು ಜ್ಯೂರಿ (ತೀರ್ಪು ಕೊಡಲು ಆರಿಸಿದ ಸಾಮಾನ್ಯ ಜನರ ಗುಂಪು) ಮುಂದೆ ಬಂತು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಲಿಂಗ ತಾರತಮ್ಯದ ಆರೋಪದಲ್ಲಿ ಜ್ಯೂರಿ ಕಂಪನಿಯ ಪರ ತೀರ್ಪು ಕೊಟ್ಟಿತು. ಹೌದು, ಕಂಪನಿ ಗೆದ್ದಿತು. ಸೇಡಿನ ಆರೋಪದಲ್ಲಿ ಮಾತ್ರ ವೈಟ್ ಗೆದ್ದರು. ಪರಿಹಾರ 43,500 ಡಾಲರ್, ಅದರಲ್ಲಿ 3,250 ಡಾಲರ್ ವೈದ್ಯಕೀಯ ಖರ್ಚು.

ಅಂದ್ರೆ ಮೂಲ ದೂರು ಕೋರ್ಟಿನಲ್ಲಿ ನಿಲ್ಲದೆ ಹೋದರೂ, ದೂರು ಕೊಟ್ಟವರನ್ನು ನಡೆಸಿಕೊಂಡ ರೀತಿಯೇ ಬೇರೆ ಕೇಸಾಗಿ ನಿಲ್ಲುತ್ತದೆ. ಎಷ್ಟೋ ಮ್ಯಾನೇಜರ್‌ಗಳ ತಲೆಯಲ್ಲಿ ಒಂದು ಲೆಕ್ಕ ಇರುತ್ತದೆ: ಆರೋಪ ಸುಳ್ಳು, ನಾನು ಏನೂ ತಪ್ಪು ಮಾಡಿಲ್ಲ, ಹಾಗಾಗಿ ಇವರನ್ನು ಸ್ವಲ್ಪ ದೂರ ಇಟ್ಟರೆ ಏನೂ ಆಗಲ್ಲ. ಈ ಲೆಕ್ಕವೇ ತಪ್ಪು. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯದಲ್ಲಿ ತಾರತಮ್ಯಕ್ಕೆ ಒಂದು ಕಲಂ, ಸೇಡಿಗೆ ಬೇರೆ ಕಲಂ. ಪ್ರಾಮಾಣಿಕವಾಗಿ, ನಂಬಿಕೆಗೆ ಆಧಾರ ಇಟ್ಟುಕೊಂಡು ದೂರು ಕೊಟ್ಟಿದ್ದರೆ ಸಾಕು. ದೂರು ಕೊನೆಗೆ ಬಿದ್ದುಹೋದರೂ ರಕ್ಷಣೆ ಬೀಳುವುದಿಲ್ಲ. ಈಗಂತೂ ಆ ಆಯೋಗಕ್ಕೆ ಬರುವ ದೂರುಗಳಲ್ಲಿ ಸುಮಾರು ಅರ್ಧದಷ್ಟು ದೂರುಗಳಲ್ಲಿ ಸೇಡಿನ ಆರೋಪ ಇರುತ್ತದೆ.

ಕಂಪನಿ ಸುಪ್ರೀಂ ಕೋರ್ಟಿನವರೆಗೂ ಹಿಡಿದ ವಾದ ಎರಡು. ಮೊದಲನೆಯದು: ಫೋರ್ಕ್‌ಲಿಫ್ಟ್ ಓಡಿಸುವುದೂ ಹಳಿ ಕೆಲಸವೂ ಒಂದೇ ಹುದ್ದೆಯ ಪಟ್ಟಿಯಲ್ಲಿವೆ, ಹುದ್ದೆ ಬದಲಾಗಿಲ್ಲ, ಹಾಗಾದರೆ ತೊಂದರೆ ಎಲ್ಲಿ ಆಯಿತು? ಎರಡನೆಯದು: ಸಸ್ಪೆಂಡ್ ಮಾಡಿದ್ದು ನಿಜ, ಆದರೆ ಬಾಕಿ ಸಂಬಳ ಪೂರ್ತಿ ಕೊಟ್ಟೆವಲ್ಲ?

ಮೊದಲ ವಾದಕ್ಕೆ ಕೋರ್ಟು ಕೊಟ್ಟ ಉತ್ತರ ನಮ್ಮ ಯಾವ ಸರಕಾರಿ ನೌಕರನಿಗೂ ಹೊಸದೇನಲ್ಲ. ಯಾವ ಕೆಲಸ ತೆಗೆದುಕೊಂಡರೂ ಅದರೊಳಗೆ ಹಗುರದ್ದು ಇರುತ್ತದೆ, ಒರಟು ಕೆಲಸ ಇರುತ್ತದೆ. ಬಾಯಿ ಮುಚ್ಚಿಸಬೇಕು ಅಂದ್ರೆ ಹಗುರದ್ದು ಕಿತ್ತುಕೊಂಡು ಒರಟುದ್ದನ್ನೇ ತಲೆಗೆ ಕಟ್ಟಿದರೆ ಸಾಕು, ಹುದ್ದೆಯ ಹೆಸರು ಹಾಗೇ ಇರಲಿ. ಪದನಾಮ ಅದೇ, ಸಂಬಳ ಅದೇ, ಆದರೆ ಎತ್ತಂಗಡಿ ಎತ್ತಂಗಡಿಯೇ, ಅಲ್ವಾ? ಫೋರ್ಕ್‌ಲಿಫ್ಟ್‌ಗೆ ಹೆಚ್ಚು ಅರ್ಹತೆ ಬೇಕಿತ್ತು, ಅದಕ್ಕೆ ಮರ್ಯಾದೆ ಜಾಸ್ತಿ ಇತ್ತು, ಆ ಜಾಗದಲ್ಲಿ ವೈಟ್ ಇದ್ದದ್ದು ಗಂಡಸರ ಕಣ್ಣು ಕುಕ್ಕುತ್ತಿತ್ತು. ಇದಕ್ಕೆಲ್ಲ ದಾಖಲೆಯಲ್ಲಿ ಸಾಕ್ಷ್ಯ ಇತ್ತು.

ಬಾಕಿ ಸಂಬಳದ ವಾದವೂ ನಿಲ್ಲಲಿಲ್ಲ. ತಿಂಗಳ ಮೇಲೆ ಸಂಬಳ ಇಲ್ಲದೆ ಕೂರುವುದು ಎಂಥವರಿಗೂ ಕಷ್ಟ, ಮುಂದೆ ದುಡ್ಡು ಬರುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ ಅಂತ ಕೋರ್ಟು ಹೇಳಿತು.

ಕೋರ್ಟು ಇಟ್ಟ ಅಳತೆಗೋಲನ್ನು ಸರಳವಾಗಿ ಹೇಳಬೇಕು ಅಂದ್ರೆ ಹೀಗೆ: ಕಂಪನಿ ಮಾಡಿದ ಕೆಲಸ ನೋಡಿ ಒಬ್ಬ ಸಾಮಾನ್ಯ ತಿಳಿವಳಿಕೆಯ ಕೆಲಸಗಾರ ‘ಈ ದೂರಿನ ಸಹವಾಸವೇ ಬೇಡಪ್ಪ’ ಅಂತ ಹಿಂದೆ ಸರಿಯುವಂತಿದ್ದರೆ ಅದು ಸೇಡು. ಕೆಲಸದಿಂದ ತೆಗೆದಿರಬೇಕು, ಸಂಬಳ ಕಡಿದಿರಬೇಕು ಅಂತೇನಿಲ್ಲ. ಆಫೀಸಿನ ಹೊರಗೆ ನಡೆದದ್ದೂ ಸೇಡಾಗಬಹುದು. ಹಾಗಂತ ಮುಖ ಗಂಟಿಕ್ಕಿದ್ದು, ಸಣ್ಣಪುಟ್ಟ ಕಿರಿಕಿರಿ ಎಲ್ಲ ಕೇಸಲ್ಲ. ತೀರ್ಪು ಬರೆದ ನ್ಯಾಯಮೂರ್ತಿ ಬ್ರೇಯರ್ ಎರಡು ಉದಾಹರಣೆ ಕೊಟ್ಟರು. ಡ್ಯೂಟಿ ಸಮಯ ಬದಲಾಯಿಸಿದರೆ ಬಹಳ ಜನರಿಗೆ ಏನೂ ಅನಿಸಲಿಕ್ಕಿಲ್ಲ, ಆದರೆ ಶಾಲೆಗೆ ಹೋಗುವ ಮಕ್ಕಳಿರುವ ತಾಯಿಗೆ ಅದು ದೊಡ್ಡ ಪೆಟ್ಟು. ಊಟಕ್ಕೆ ಕರೆಯದಿದ್ದರೆ ಅದು ಸಣ್ಣ ಮಾತು, ಆದರೆ ಕೆಲಸದಲ್ಲಿ ಮುಂದೆ ಬರಲು ಬೇಕಾದ ವಾರದ ತರಬೇತಿ ಊಟಕ್ಕೆ ಬೇಕಂತಲೇ ಬಿಟ್ಟರೆ ಅದು ಸಣ್ಣದಲ್ಲ. ಒಂಬತ್ತೂ ನ್ಯಾಯಮೂರ್ತಿಗಳು ವೈಟ್ ಗೆಲ್ಲಬೇಕು ಅಂದರು. ಅಲಿಟೊ ಒಬ್ಬರು ಮಾತ್ರ ಅಳತೆಗೋಲು ಬೇರೆ ಇರಬೇಕು ಅಂತ ಪ್ರತ್ಯೇಕವಾಗಿ ಬರೆದರು.

ಎಲ್ಲಿ ತಡೆಯಬಹುದಿತ್ತು

ಒಂದೊಂದೇ ಜಾಗ ನೋಡೋಣ. ಎಲ್ಲಕ್ಕಿಂತ ಮುಖ್ಯವಾದದ್ದು ಸೆಪ್ಟೆಂಬರ್ 26ರ ಭೇಟಿಯೇ, ಅದಕ್ಕೆ ಜಾಸ್ತಿ ಹೊತ್ತು ಅಲ್ಲೇ ನಿಲ್ಲುತ್ತೇನೆ.

ಸೀನಿಯಾರಿಟಿ ನಿಜವಾಗಿಯೂ ಸಮಸ್ಯೆ ಆಗಿತ್ತು ಅಂತಲೇ ಇಟ್ಟುಕೊಳ್ಳಿ. ರೈಲ್ವೆಯಲ್ಲಿ ಅದು ಸಣ್ಣ ವಿಷಯ ಅಲ್ಲ. ಹಾಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಯಾಕೆ ನೆನಪಾಗಲಿಲ್ಲ? ದೂರಿಗೆ ಮೊದಲೇ ಹಾಗೊಂದು ಯೋಚನೆ ಇದ್ದು, ಒಂದು ಟಿಪ್ಪಣಿಯಲ್ಲೋ ಮೆಮೋದಲ್ಲೋ ತಾರೀಖಿನ ಸಮೇತ ಬರೆದಿಟ್ಟಿದ್ದರೆ ಕತೆಯೇ ಬೇರೆ ಆಗುತ್ತಿತ್ತು. 2001ರಲ್ಲಿ ನೆವಾಡಾದ ಕ್ಲಾರ್ಕ್ ಕೌಂಟಿ ಶಾಲಾ ಜಿಲ್ಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ಕೇಸು ಹಾಕಿದ್ದು ಗೊತ್ತಾಗುವ ಮೊದಲೇ ವರ್ಗಾವಣೆಯ ಯೋಚನೆ ನಡೆದಿತ್ತು ಅನ್ನುವುದಕ್ಕೆ ದಾಖಲೆ ಇತ್ತು. ಕೇಸು ಬಂತು ಅಂತ ಮೊದಲೇ ಹೊರಟ ಕೆಲಸವನ್ನು ನಿಲ್ಲಿಸಬೇಕಾಗಿಲ್ಲ ಅಂತ ಹೇಳಿ ಕೋರ್ಟು ಆ ಶಾಲಾ ಜಿಲ್ಲೆಯನ್ನು ಗೆಲ್ಲಿಸಿತು. ಕಾಗದ ಮಾತಾಡುತ್ತದೆ. ಆದರೆ ಆ ಕಾಗದ ಮೊದಲಿನದ್ದಾಗಿರಬೇಕು. ಕೇಸು ಬಂದ ಮೇಲೆ ಕೂತು ಹಳೇ ತಾರೀಖು ಹಾಕಿ ಬರೆದದ್ದು ಕಂಪನಿಯ ಕೊರಳಿಗೇ ಸುತ್ತಿಕೊಳ್ಳುತ್ತದೆ.

ಮೊದಲಿನ ದಾಖಲೆ ಇಲ್ಲ ಅಂದ್ರೆ? ಆಗ ಸುಮ್ನೆ ಇರಬೇಕಿತ್ತು, ಅಷ್ಟೇ. ಜೊತೆಗಾರರು ಗೊಣಗಿದರೆ ಗೊಣಗಲಿ. ಅದೇ ಗುಂಪಿನ ಮುಂದೆಯೇ ಆಕೆಗೆ ಅವಮಾನ ಆಗಿದೆ ಅಂತ ಕಂಪನಿ ಒಪ್ಪಿಕೊಂಡಿದೆ. ಆ ವಾರವೇ ಆ ಗುಂಪಿನ ಅಸಮಾಧಾನ ತಣಿಸಲು ಆಕೆಯ ಕೆಲಸ ಕಿತ್ತುಕೊಂಡರೆ ಯಾರ್ಡಿನಲ್ಲಿದ್ದವರು ಏನು ಅರ್ಥ ಮಾಡಿಕೊಂಡಿರುತ್ತಾರೆ? ದೂರು ಕೊಟ್ಟರೆ ಏನಾಗುತ್ತದೆ ನೋಡಿದಿರಾ ಅಂತಲೇ. ಬದಲಾವಣೆ ಬೇಕೇ ಬೇಕು ಅಂತಿದ್ದರೆ ಆ ತೀರ್ಮಾನ ರೋಡ್‌ಮಾಸ್ಟರ್ ಕೈಯಲ್ಲಿ ಇರಬಾರದಿತ್ತು. ಯಾರ್ಡಿಗೆ ಸಂಬಂಧ ಇಲ್ಲದ ಒಬ್ಬರು ಕೂತು, ಸೀನಿಯಾರಿಟಿ ನಿಯಮವನ್ನು ಎಲ್ಲರಿಗೂ ಹೀಗೇ ಅನ್ವಯಿಸಿದ್ದೀರಾ, ವೈಟ್‌ಗಿಂತ ಮೊದಲು ಓಡಿಸಿದವನಿಗೂ ಇದೇ ನಿಯಮ ಇತ್ತಾ ಅಂತ ಕೇಳಬೇಕಿತ್ತು. ಈ ಎರಡು ಪ್ರಶ್ನೆ ಕೇಳುವುದಕ್ಕೆ ವಕೀಲರೂ ಬೇಕಾಗಿಲ್ಲ.

ಎರಡನೇ ಜಾಗ, ಡಿಸೆಂಬರ್ 8ರ ಅಂಚೆ. ಯಾರ ಮೇಲೆ ದೂರು ಇದೆಯೋ ಅವರ ಮೇಜಿಗೇ ದೂರಿನ ಪ್ರತಿ ಬರುವಂತೆ ಬಿಟ್ಟರೆ ಆಮೇಲೆ ನಡೆಯುವ ಪ್ರತಿಯೊಂದೂ ಅನುಮಾನದ ಕಣ್ಣಲ್ಲೇ ಕಾಣುತ್ತದೆ. ಇಂಥ ಕಾಗದಗಳು ಕಾನೂನು ವಿಭಾಗಕ್ಕೋ ಎಚ್‌ಆರ್‌ಗೋ ಹೋಗಬೇಕು. ಅಲ್ಲಿಂದ ಯಾರಾದರೂ ಬಂದು ಮ್ಯಾನೇಜರ್‌ಗೆ ಎದುರು ಕೂತು ಹೇಳಬೇಕು: ನಿಮ್ಮ ಮೇಲೆ ದೂರು ಬಂದಿದೆ, ಕೋಪ ಬರುವುದು ಸಹಜ, ಆದರೆ ಇವತ್ತಿನಿಂದ ಈಕೆಯ ಮೇಲೆ ಯಾವ ಶಿಸ್ತಿನ ಕ್ರಮವನ್ನೂ ನೀವು ಒಬ್ಬರೇ ತೆಗೆದುಕೊಳ್ಳುವ ಹಾಗಿಲ್ಲ, ವಿಶೇಷವಾಗಿ ಕಣ್ಣಿಡುವ ಹಾಗಿಲ್ಲ, ಬೇರೆಯವರ ಹತ್ತಿರ ಇದರ ಬಗ್ಗೆ ಮಾತಾಡುವ ಹಾಗಿಲ್ಲ. ಮ್ಯಾನೇಜರ್ ಕೂಡ ಮನುಷ್ಯ. ತನ್ನ ಮೇಲೆ ಆಪಾದನೆ ಬಂದಾಗ ನಿಷ್ಪಕ್ಷಪಾತವಾಗಿ ಇರು ಅಂದ್ರೆ ಎಷ್ಟು ಜನರಿಗೆ ಆಗುತ್ತದೆ? ಆ ಭಾರವನ್ನು ಅವನ ಹೆಗಲಿಂದ ಇಳಿಸುವುದು ಅವನಿಗೂ ಒಳ್ಳೆಯದು.

ಮೂರನೆಯದು ಟ್ರಕ್ ಜಗಳ. ದೂರು ಕೊಟ್ಟವರು ತಪ್ಪು ಮಾಡಿದರೂ ಕೈಕಟ್ಟಿ ಕೂರಬೇಕು ಅಂತ ಕಾನೂನು ಎಲ್ಲೂ ಹೇಳಿಲ್ಲ. ವೈಟ್ ನಿಜವಾಗಿ ಅವಿಧೇಯತೆ ತೋರಿಸಿದ್ದರೆ, ಬೇರೆಯವರಿಗೆ ಕೊಡುವ ಶಿಕ್ಷೆಯನ್ನೇ ಕೊಡಬಹುದಿತ್ತು. ಆದರೆ ಇಲ್ಲಿ ನಡೆದದ್ದು ಏನು? ಒಬ್ಬನ ಮಾತು ಕೇಳಿ, ಆವತ್ತೇ, ಸಂಬಳವಿಲ್ಲದೆ, ಎಷ್ಟು ದಿನ ಅಂತಲೂ ಹೇಳದೆ ಸಸ್ಪೆಂಡ್ ಮಾಡಿದರು. ವಿಚಾರಣೆ ಮುಗಿಯುವವರೆಗೆ ಸಂಬಳ ಕೊಟ್ಟು ರಜೆಯಲ್ಲಿ ಕೂರಿಸಿದ್ದರೆ ಕಂಪನಿಗೆ ಆಗುತ್ತಿದ್ದ ಖರ್ಚು ಎಷ್ಟು? ಕೊನೆಗೂ ಅದೇ 37 ದಿನದ ಸಂಬಳ ಕೊಟ್ಟರಲ್ಲ. ಅಷ್ಟೇ ಆಗುತ್ತಿತ್ತು.

ಇನ್ನೊಂದು ಮಾತು. ಕಂಪನಿಯ ಒಳಗಿನ ವ್ಯವಸ್ಥೆ ಎರಡು ಸಲ ಸರಿಯಾದ ಉತ್ತರ ಕಂಡುಹಿಡಿಯಿತು, ಮೇಲ್ವಿಚಾರಕನ ವಿಷಯದಲ್ಲಿ ಒಂದು ಸಲ, ಸಸ್ಪೆನ್ಷನ್ ವಿಷಯದಲ್ಲಿ ಇನ್ನೊಂದು ಸಲ. ಎರಡು ಸಲವೂ ಉತ್ತರ ಸಿಕ್ಕಿದ ಮೇಲೆ ಆ ಯಾರ್ಡಿನಲ್ಲಿ ಏನು ನಡೆಯುತ್ತಿದೆ ಅಂತ ನೋಡಿದವರು ಯಾರೂ ಕಾಣುವುದಿಲ್ಲ. ದೂರಿನ ಫೈಲ್ ಮುಚ್ಚಿ ಒಂದು ತಿಂಗಳಾದ ಮೇಲೆ, ಮೂರು ತಿಂಗಳಾದ ಮೇಲೆ ದೂರು ಕೊಟ್ಟವರಿಗೆ ಫೋನ್ ಮಾಡಿ ‘ಹೇಗಿದೀರಿ, ಡ್ಯೂಟಿ ಏನಾದ್ರೂ ಬದಲಾಯ್ತಾ’ ಅಂತ ಕೇಳುವ ಪದ್ಧತಿ ಇದ್ದಿದ್ದರೆ ಫೋರ್ಕ್‌ಲಿಫ್ಟ್ ವಿಷಯ ಆಯೋಗದವರೆಗೆ ಹೋಗುವ ಮೊದಲೇ ಮೇಲಿನವರಿಗೆ ಗೊತ್ತಾಗುತ್ತಿತ್ತು.

ಈ ತೀರ್ಪಿನ ಆಮೇಲೆ ಕಾನೂನು ಎರಡೂ ಕಡೆ ಸರಿದಿದೆ. 2009ರಲ್ಲಿ, ತಾನಾಗಿ ದೂರು ಕೊಡದೆ ಕಂಪನಿಯ ತನಿಖೆಯಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಿದ ಸಾಕ್ಷಿಗೂ ರಕ್ಷಣೆ ಇದೆ ಅಂತಾಯಿತು. 2011ರಲ್ಲಿ, ದೂರು ಕೊಟ್ಟ ಹುಡುಗಿಯನ್ನು ಬಿಟ್ಟು ಅದೇ ಕಂಪನಿಯಲ್ಲಿದ್ದ ಅವಳ ಭಾವಿ ಪತಿಯನ್ನು ಕೆಲಸದಿಂದ ತೆಗೆದರೂ ಅದು ಸೇಡೇ ಆಗಬಹುದು ಅಂತಾಯಿತು. 2013ರಲ್ಲಿ ಮಾತ್ರ ಕಂಪನಿಗಳಿಗೆ ಸ್ವಲ್ಪ ಉಸಿರು ಸಿಕ್ಕಿತು. ದೂರು ಕೊಡದೇ ಇದ್ದಿದ್ದರೆ ಈ ಕ್ರಮ ಆಗುತ್ತಲೇ ಇರಲಿಲ್ಲ ಅಂತ ನೌಕರರೇ ಸಾಬೀತು ಮಾಡಬೇಕು, ಹಲವು ಕಾರಣಗಳಲ್ಲಿ ಇದೂ ಒಂದು ಅಂದರೆ ಸಾಲದು ಅಂತ ಕೋರ್ಟು ಬಿಗಿ ಮಾಡಿತು.

ಬೆಂಗಳೂರಿಗೂ ಇದಕ್ಕೂ ಏನು

ಅಮೆರಿಕದ ಆ ಕಾಯ್ದೆ ಬೆಂಗಳೂರಿನ ಆಫೀಸಿನಲ್ಲಿ ಕೂತ ಭಾರತೀಯ ಪ್ರಜೆಯನ್ನು ಕಾಯುವುದಿಲ್ಲ. ಆದರೆ ಮಾರತಹಳ್ಳಿಯಲ್ಲಿ ಕೂತ ಮ್ಯಾನೇಜರ್‌ಗೆ ಟೆಕ್ಸಾಸ್‌ನಲ್ಲಿರುವ ಒಬ್ಬರು ರಿಪೋರ್ಟ್ ಮಾಡುತ್ತಿದ್ದರೆ, ಆ ಟೆಕ್ಸಾಸ್‌ನವರಿಗೆ ಅದರ ರಕ್ಷಣೆ ಪೂರ್ತಿ ಇದೆ. ಅವರು ಅಮೆರಿಕದ ಪ್ರಜೆಯೇ ಆಗಿರಬೇಕಿಲ್ಲ, ಎಚ್‌1ಬಿ ವೀಸಾ ಮೇಲೆ ಹೋದ ಹಾಸನದ ಹುಡುಗಿಯೂ ಆಗಬಹುದು. ಅವಳು ದೂರು ಕೊಟ್ಟ ಮರುವಾರ ಅವಳ ಮಾಡ್ಯೂಲ್ ಬೇರೆಯವರಿಗೆ ಕೊಟ್ಟು, ರಾತ್ರಿ ಸಪೋರ್ಟ್ ಡ್ಯೂಟಿ ಹಾಕಿ, ‘ಸುಮ್ನೆ ವರ್ಕ್‌ಲೋಡ್ ಸರಿ ಮಾಡಿದ್ದು’ ಅಂತ ಮೇಲ್ ಕಳಿಸಿದರೆ ಅದು ಫೋರ್ಕ್‌ಲಿಫ್ಟ್ ಕತೆಯೇ. ಸೀನಿಯರ್ ಮ್ಯಾನ್ ಬದಲು ವರ್ಕ್‌ಲೋಡ್ ಅನ್ನುವ ಪದ ಬಂತು, ಅಷ್ಟೇ ವ್ಯತ್ಯಾಸ.

ನಮ್ಮ ಕಡೆ ಕಾನೂನು ಏನೂ ಇಲ್ಲ ಅಂತಲ್ಲ. ವೈಟ್ ದೂರು ಕೊಟ್ಟದ್ದು 1997ರ ಸೆಪ್ಟೆಂಬರ್‌ನಲ್ಲಿ, ನಮ್ಮ ಸುಪ್ರೀಂ ಕೋರ್ಟು ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ಮಾರ್ಗಸೂಚಿ ಹಾಕಿದ ವಿಶಾಖಾ ತೀರ್ಪು ಕೊಟ್ಟದ್ದು ಅದೇ ವರ್ಷದ ಆಗಸ್ಟ್ 13ಕ್ಕೆ. ದೂರು ಕೊಟ್ಟವರನ್ನು, ಸಾಕ್ಷಿಗಳನ್ನು ಬಲಿಪಶು ಮಾಡಬಾರದು ಅಂತ ಆ ಮಾರ್ಗಸೂಚಿಯಲ್ಲೇ ಇತ್ತು. ಆಮೇಲೆ ಅದೇ ವಿಷಯಕ್ಕೆ ಬಂದ 2013ರ ಕಾಯ್ದೆ, ನಾವು ಪೋಶ್ ಅನ್ನುತ್ತೇವಲ್ಲ ಅದು, ವಿಚಾರಣೆ ನಡೆಯುವಾಗ ದೂರು ಕೊಟ್ಟ ಮಹಿಳೆಯನ್ನೋ ಆರೋಪಿಯನ್ನೋ ವರ್ಗಾಯಿಸಲು, ದೂರು ವಿಚಾರಿಸುವ ಕಂಪನಿಯ ಆಂತರಿಕ ಸಮಿತಿ ಶಿಫಾರಸು ಮಾಡಬಹುದು ಅನ್ನುತ್ತದೆ. ಆದರೆ ಆ ಮಹಿಳೆ ಬರೆದು ಕೇಳಿದರೆ ಮಾತ್ರ. ನಿಮ್ಮ ಒಳ್ಳೆಯದಕ್ಕೇ ಬೇರೆ ಟೀಮಿಗೆ ಹಾಕುತ್ತಿದ್ದೇವೆ ಅನ್ನುವ ಎಚ್‌ಆರ್ ಮಾತಿಗೆ ಅಲ್ಲಿ ಜಾಗ ಇಲ್ಲ.

ಪಂಜಾಬ್ ಅಂಡ್ ಸಿಂಧ್ ಬ್ಯಾಂಕ್ ಇದನ್ನು ಕಷ್ಟಪಟ್ಟು ಕಲಿಯಿತು. ಇಂದೋರ್ ಶಾಖೆಯಲ್ಲಿದ್ದ ಒಬ್ಬ ಮಹಿಳಾ ಅಧಿಕಾರಿ ಮದ್ಯದ ಗುತ್ತಿಗೆದಾರರ ಖಾತೆಗಳಲ್ಲಿ ಅಕ್ರಮ ಇದೆ ಅಂತ ಮೇಲಕ್ಕೆ ಬರೆದಿದ್ದರು, ಮೇಲಧಿಕಾರಿಯ ಮೇಲೆ ಕಿರುಕುಳದ ದೂರನ್ನೂ ಕೊಟ್ಟರು. 2017ರ ಡಿಸೆಂಬರ್‌ನಲ್ಲಿ ಅವರನ್ನು ಜಬಲ್‌ಪುರ ಜಿಲ್ಲೆಯ ಒಂದು ಸಣ್ಣ ಶಾಖೆಗೆ ಎತ್ತಂಗಡಿ ಮಾಡಿದರು. ವರ್ಗಾವಣೆ ಆಡಳಿತದ ವಿಷಯ, ಕೋರ್ಟು ಕೈ ಹಾಕಬಾರದು ಅನ್ನುವುದು ಬ್ಯಾಂಕಿನ ವಾದ. ಬ್ಯಾಂಕು ಹೈಕೋರ್ಟಿನಲ್ಲಿ ಸೋತಿತು, ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಫೆಬ್ರವರಿಯಲ್ಲಿ ಅಲ್ಲೂ ಸೋತಿತು. ಆ ಅಧಿಕಾರಿಯನ್ನು ಅದೇ ಇಂದೋರ್‌ಗೆ ವಾಪಸ್ ಕರೆಸಿ ಒಂದು ವರ್ಷ ಅಲ್ಲೇ ಇರಿಸಬೇಕು, ಮೇಲೆ ಖರ್ಚಿಗೆ 50,000 ರೂಪಾಯಿ ಕೊಡಬೇಕು ಅಂತ ಆದೇಶ ಆಯಿತು.